ಅಂಗೈ ಅಡಿಯ ಫೋನು

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದ ತಂಗಿಯ ಮೊಬೈಲನ್ನು ಅಣ್ಣ ಅಂಗೈಯಿಂದ ಗಬಕ್ಕನೆ ಮುಚ್ಚಿದ. ದೈತ್ಯ ಸಾಫ್ಟ್‌ವೇರ್ ಕಂಪನಿಯ ಮೇಲೆ ಏಕಸ್ವಾಮ್ಯದ ಕೇಸು ನಡೆಸುತ್ತಿದ್ದ ಸರ್ಕಾರಿ ವಕೀಲೆ ಆ ಕಡೆಯಿಂದ ಆಗಷ್ಟೇ ಕೇಳಿದ್ದಳು: "ನಿಮ್ಮ ಪುಟ್ಟ ಕಂಪನಿಯನ್ನ ಅವರಿಗೆ ನೀವಾಗಿಯೇ ಮಾರಿದ್ರಾ, ಇಲ್ಲ ಹೆದರಿಸಿ ಕಿತ್ಕೊಂಡ್ರಾ?"

"ನಾನಾಗಿಯೇ ಮಾರಿದೆ ಅನ್ನು," ಎಂದ ಅಣ್ಣ. "ಹೆದರಿಸಿದ್ದು ನಿಜಾನೇ, ನನ್ನ ಕಣ್ಣೆದುರೇ ಹೆದರಿಸಿದ್ರು. ಆದ್ರೆ ಕೇಸು ಬಿದ್ದುಹೋಗ್ಬೇಕು. ನನ್ನ ದುಡ್ಡೆಲ್ಲ ಅವರ ಷೇರಲ್ಲಿದೆ."

"ದಡ್ಡ ನೀನು!" ಅಕ್ಕನ ಗಂಡ ಸಿಡುಕಿದ. ಅವನದೂ ಅದೇ ಷೇರು. "ನಿಜಾನೇ ಹೇಳ್ಲಿ ಬಿಡು. ಕೋರ್ಟು ಕಂಪನೀನ ಒಡೆದ್ರೆ ಒಂದೊಂದು ಚೂರಿಗೂ ಒಳ್ಳೇ ರೇಟು ಸಿಗುತ್ತೆ."

ತೀರ್ಪೇ ಬಂದಿಲ್ಲ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸುತ್ತ ಇಬ್ಬರೂ ಕಚ್ಚಾಡತೊಡಗಿದರು. ತಂಗಿಗೆ ಏನನ್ನಿಸುತ್ತೆ ಅಂತ ಒಬ್ಬನೂ ಕೇಳಲಿಲ್ಲ. ಅವಳು ಆ ಅಂಗೈಯನ್ನೇ ನೋಡುತ್ತಿದ್ದಳು. ಸಾಫ್ಟ್‌ವೇರ್ ಷೇರಿನಲ್ಲೇ ಮುಳುಗೇಳುವ ಈ ಮಹಾನುಭಾವರಿಗೆ, ಕೈಯಿಟ್ಟು ಮುಚ್ಚಿದರೆ ಫೋನಿಗೆ ಕಿವುಡು ಬರುವುದಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಅವಳು ಹೇಳುವ ಗೋಜಿಗೂ ಹೋಗಲಿಲ್ಲ.

ಅಂಗೈ ಅಡಿಯಿಂದಲೇ ವಕೀಲೆಯ ದನಿ ಬಂತು: "ಕಣ್ಣೆದುರೇ ಹೆದರಿಸಿದ್ರು ಅಂದ್ರಲ್ಲ ಸರ್, ನಿಮ್ಮ ಹೆಸರೇನು? ಸಾಕ್ಷಿಗಳ ಪಟ್ಟಿಗೆ ಬೇಕಿತ್ತು."