ಮೊಳೆ ಹೊಡೆಯದ ಗೋಡೆ

ದೃಷ್ಟಿಬೊಂಬೆ ನಿಜಕ್ಕೂ ಒಳಗೆ ತಿರುಗಿತ್ತೋ, ಆಮೇಲೆ ನಾನೇ ಹಾಗೆ ಕಲ್ಪಿಸಿಕೊಂಡೆನೋ, ಖಚಿತವಿಲ್ಲ. ಹೊಸ ಸುಣ್ಣದ ವಾಸನೆ ಬಂದರೆ ಈಗಲೂ ಕೆ.ಆರ್. ಪೇಟೆಯ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ತೊಟ್ಟಿಲಲ್ಲಿದ್ದ ತಂಗಿಗೆ ಜ್ವರ ಇಳಿದಿರಲಿಲ್ಲ. ಅಪ್ಪ ಕೋರೆಹಲ್ಲಿನ ಬೊಂಬೆ ತಂದು ಬಾಗಿಲ ಮೇಲೆ ಹಿಡಿದಾಗ ಮನೆಯ ಮಾಲೀಕ ತಡೆದ.

"ಮೊಳೆಗಿಳೆ ಒಡೆದೀಯ ಕಣ್ಲಾ, ಈಗ್ತಾನೆ ಸುಣ್ಣ ಒಡ್ಸಿವ್ನಿ."

"ಮಗೀಗೆ ಉಸಾರಿಲ್ಲ ಕಣಣ್ಣ."

"ಅದ್ಕೆ ನನ್ ಗೋಡೆ ಏನ್ಲಾ ಮಾಡ್ತು? ಕಿಟ್ಕಿಗೆ ಕಟ್ಬುಡು."

ಅಪ್ಪ ತೊಟ್ಟಿಲ ಪಕ್ಕದ ಕಿಟಕಿಯ ಸರಳಿಗೆ ಹುರಿಯಲ್ಲಿ ಕಟ್ಟಿದ. ಬೀದಿ ನೋಡಬೇಕಾದ ಬೊಂಬೆ ಗಾಳಿಗೆ ತಿರುಗಿ ತೊಟ್ಟಿಲು ನೋಡಿತು. ಅಜ್ಜಿ ತಿರುಗಿಸಿದಷ್ಟೂ ಮರಳಿ ತಿರುಗಿತು.

"ಒಳೀಕೇ ನೋಡ್ತದಲ್ಲ ಇದು," ಎಂದಳು ಅಜ್ಜಿ.

ಸಂಜೆಗೆ ತಂಗಿ ಹೋದಳು. ಅಪ್ಪ ಬೊಂಬೆ, ತೊಟ್ಟಿಲು ಎರಡನ್ನೂ ಬಿಚ್ಚಿದ.

ಕಳೆದ ವರ್ಷ ಹೋಗಿ ನೋಡಿದೆ. ಬಾಗಿಲ ಮೇಲಿನ ಆ ಗೋಡೆಯಲ್ಲಿ ಆಗಲೂ ಒಂದೂ ಮೊಳೆಯ ತೂತಿರಲಿಲ್ಲ.