ನಾಲ್ಕು ಗೀಟಿನ ಬಾಗಿಲು

ಸಂಖ್ಯೆಗೆ ಸಿಲುಕದ, ಆದರೂ ಒಂದು ಜೀವವನ್ನೂ ಮರೆಯದ ಪರಶಿವನಿಗೆ ಮಣಿದು ಈ ಕಥೆಯನ್ನು ಹೇಳುತ್ತೇನೆ.

ಸತ್ತವರು ಮುಸ್ಸಂಜೆಗೆ ಬಾಗಿಲ ಮೇಲಿನ ಅಂಕಿಯನ್ನೋದಿ ತಮ್ಮ ಮನೆಗೆ ಮರಳುತ್ತಿದ್ದ ಕಾಲವದು. ಬಂದವರು ಮಾತಿಲ್ಲದೆ ಒಲೆಯ ಬಳಿ ಕುಳಿತು ಮನೆಯ ಕಾವನ್ನೆಲ್ಲ ಹೀರಿಬಿಡುತ್ತಿದ್ದರು. ಬದುಕಿದ್ದವರು ನಡುಗಿ ನಡುಗಿ ಹಾಸಿಗೆ ಹಿಡಿಯುತ್ತಿದ್ದರು. ಆದುದರಿಂದ, ಸತ್ತವರಿಗೆ ಗುರುತು ಸಿಗದಿರಲೆಂದು, ಊರಿನ ಬಾಗಿಲುಗಳ ಅಂಕಿಗಳನ್ನೆಲ್ಲ ರೋಮನ್ ಅಂಕಿಗಳಾಗಿ ಬದಲಿಸಬೇಕೆಂದು ಆಜ್ಞೆಯಾಯಿತು.

ಬಣ್ಣಗಾರ ಕಲ್ಲಪ್ಪ ಬಾಳವ್ವನ ಬಾಗಿಲ ನಾಲ್ಕನ್ನು ಕೆರೆದು IV ಎಂದು ಬರೆದ. ಒಂಟಿ ಜೀವದ ಬಾಳವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ಎಳೆಯ ಮಗಳು ಚಂಪಾ ಈ ಗುರುತನ್ನು ಎಂದೂ ಕಂಡವಳಲ್ಲ.

“ಕಲ್ಲಪ್ಪಣ್ಣ, ಅದನ್ನ ಅಳಸು. ನಾಕು ಗೀಟು ಎಳಿ.”

“ಹಂಗ ಬರಿಯೋದು ತಪ್ಪು, ಬಾಳವ್ವ. ಐದರ ಎಡಕ್ಕ ಒಂದು ಗೀಟು ಇಟ್ರನ ನಾಕು. ನನಗ ಕಲಸ್ತೀಯೇನು?”

“ನಮ್ಮ ಗ್ವಾಡಿ ಗಡಿಯಾರದಾಗ ನಾಕಂದ್ರ ನಾಕು ಗೀಟ ಅದಾವ. ಚಂಪಾ ಹೊತ್ತು ನೋಡಾಕ ಕಲಿತಿದ್ದು ಅದರಾಗ.”

ಕಲ್ಲಪ್ಪನ ಕುಂಚ ನಿಂತಿತು. “ಆಕಿ ಬಂದ್ರ ನೀ ಉಳಿಯಾಂಗಿಲ್ಲ ನೋಡವ್ವ.”

“ನನ್ನ ಮೈಯಾಗಿನ ಕಾವು ಆಕಿಗಲ್ದ ಇನ್ಯಾರಿಗೆ?”

ಅವನು IV ಅನ್ನು ಅಳಿಸಿ ನಾಲ್ಕು ಗೀಟು ಎಳೆದು, ಬೇಗ ಬೇಗ ಹೊರಟುಹೋದ. ಬಾಳವ್ವ ಬಾಗಿಲು ಮುಚ್ಚಿ, ಒಲೆ ಹೊತ್ತಿಸಿ, ಪಕ್ಕದಲ್ಲಿ ಪುಟ್ಟ ಮಣೆ ಹಾಕಿದಳು. ದೀಪ ಹಚ್ಚುವ ಹೊತ್ತಿಗೆ ಹೊರಗೆ ಎಳೆಯ ಬೆರಳೊಂದು ಒಂದೊಂದೇ ಗೀಟನ್ನು ತಟ್ಟುತ್ತ, ತಡವರಿಸುತ್ತ, ನಾಲ್ಕರವರೆಗೂ ಎಣಿಸಿತು. ಅವಳು ಎದ್ದು ಅಗಳಿ ತೆಗೆದಳು.

ಕೇಳಿದವರೆಲ್ಲರ ಮನೆಯ ಒಲೆ ಆರದಿರಲಿ. ಅಗಲಿದವರಿಗೂ ಬೆಚ್ಚನೆಯ ನೆಲೆಯೊಂದು ದೊರೆಯಲಿ.