ಎಲ್‌ಇಡಿಯ ಉದ್ದ ಕಾಲು

ಕಿವಿ ಕೇಳದ ಗಂಡನಿಗಾಗಿ ಪಂಕಜಾಕ್ಷಿ ತಾನೇ ಒಂದು ಬೆಲ್ ಮಾಡಿದ್ದಳು. ಬಾಗಿಲ ಗುಂಡಿ ಒತ್ತಿದರೆ ಅವನ ಕುರ್ಚಿಯೆದುರಿನ ಸೋಪಿನ ಡಬ್ಬಿಯಲ್ಲಿ ಕೆಂಪು ಎಲ್‌ಇಡಿ ಹೊತ್ತಿಕೊಳ್ಳುತ್ತಿತ್ತು. ಅದೇ ಗುಂಡಿ ಒತ್ತಿ, ತಿಳಿವಳಿಕೆ ನಿಯಂತ್ರಣ ಇಲಾಖೆಯ ಇನ್‌ಸ್ಪೆಕ್ಟರ್ ನಾಗಲಿಂಗಪ್ಪ ಒಳಗೆ ಬಂದಿದ್ದ.

"ಬೆಲ್ ಇಟ್ಕೊಳ್ಳೋದು ತಪ್ಪಲ್ಲಮ್ಮಾ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿರೋದು ತಪ್ಪು. 'ನನಗೇನೂ ಗೊತ್ತಿಲ್ಲ' ಅಂತ ಈ ಫಾರಂನಲ್ಲಿ ಬರೆದಿದೆ, ಒಂದು ಸೈನ್ ಹಾಕಿ. ಹೊರಟುಬಿಡ್ತೀನಿ."

ಗಂಡನ ಮುಖ ನೋಡಿ ಅವಳು ಹಲ್ಲು ಕಚ್ಚಿಕೊಂಡು ಪೆನ್ನು ತೆಗೆದುಕೊಂಡಳು. ಅಷ್ಟರಲ್ಲಿ ನಾಗಲಿಂಗಪ್ಪ, ತಪಾಸಣೆಗೆಂದು ಕಿತ್ತಿದ್ದ ಎಲ್‌ಇಡಿಯನ್ನು ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದ. ಹೊತ್ತಲಿಲ್ಲ.

"ಕೆಟ್ಟಿದೆ, ಬಿಸಾಕಿ," ಎಂದ.

ಪಂಕಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು.

"ಕೆಟ್ಟಿಲ್ಲ ಕಣ್ರೀ, ನೀವು ಉಲ್ಟಾ ಹಾಕಿದೀರಿ! ಉದ್ದ ಕಾಲು ಪ್ಲಸ್‌ಗೆ, ಗಿಡ್ಡ ಕಾಲು ಮೈನಸ್‌ಗೆ!"

ತಿರುಗಿಸಿ ಹಾಕಿ, ತಾನೇ ಹೋಗಿ ಗುಂಡಿ ಒತ್ತಿದಳು. ಕೆಂಪು ಬೆಳಕು ಕಂಡು ಗಂಡ ಬಾಗಿಲಿನತ್ತ ತಿರುಗಿದ.

ನಾಗಲಿಂಗಪ್ಪ ನಿಟ್ಟುಸಿರಿಟ್ಟು ಫಾರಂ ಹರಿದು, ಆರೋಪಿಗಳ ರಿಜಿಸ್ಟರ್ ತೆರೆದ.

"ಬರ್ಕೊಳಿ, ಧಾರಾಳವಾಗಿ ಬರ್ಕೊಳಿ," ಎಂದಳು ಪಂಕಜಾಕ್ಷಿ. "ಅದರ ಕೆಳಗೆ ನಿಮ್ಮ ಹೆಸರೂ ಬರ್ಕೊಳಿ. ಉದ್ದ ಕಾಲು ಎಲ್ಲಿಗೆ ಹಾಕ್ಬೇಕು ಅಂತ ಈಗ ನಿಮಗೂ ಗೊತ್ತಾಯ್ತಲ್ಲ!"